ಕಲ್ಲು ಕಾಯಿಸಿ ಎಣ್ಣೆ ಲೆಕ್ಕ ಹಾಕೋದು ಹೇಗೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ತಿಂಗಳು ಒಬ್ಬ ಓದುಗರು, ಪೆಟ್ರೋಲಿಯಂ ಬಾವಿ ಕೊರೆಯೋರು ಅಲ್ಲಿನ ಕಲ್ಲಿಗೆ ಎಣ್ಣೆ ಹುಟ್ಟಿಸೋ ಶಕ್ತಿ ಇದ್ಯೋ ಇಲ್ವೋ ಅಂತ ಹೇಗೆ ತಿಳ್ಕೋತಾರೆ ಅಂತ ಕೇಳಿದ್ರು. ಕಲ್ಲನ್ನ ಪುಡಿ ಮಾಡಿ, ಆಕ್ಸಿಜನ್ ಇಲ್ಲದ ಪುಟ್ಟ ಒಲೇಲಿ ಕಾಯಿಸಿ, ಹೊರಗೆ ಬರೋ ಆವಿ ಅಳೀತಾರೆ ಅಂತ ಜಾಗ ಇಲ್ಲದ ಕಾರಣ ಎರಡೇ ಸಾಲಲ್ಲಿ ಮುಗಿಸಿದ್ದೆ. ಅದನ್ನ ಓದಿ ಶಿವಮೊಗ್ಗ ಜಿಲ್ಲೆ ಕಡೆಯಿಂದಲೇ ಇಷ್ಟೊಂದು ಪತ್ರ ಬರತ್ತೆ ಅಂತ ಅಂದ್ಕೊಂಡಿರ್ಲಿಲ್ಲ, ತುಂಬಾ ಖುಷಿ ಆಯ್ತು. ಈ ಲ್ಯಾಬ್ ಕೆಲಸದಲ್ಲೇ ಬಹಳ ವರ್ಷ ಇದ್ದವಳು ನಾನು, ಅದಕ್ಕೆ ಈ ಸಲದ ಅಂಕಣ ಪೂರ್ತಿ ಇದಕ್ಕೇ.

ಪ್ರಶ್ನೆ: ಮೇಡಂ ನಮಸ್ಕಾರ. ನಮ್ದು ಹೊಸನಗರ ತಾಲೂಕು, ಅಡಿಕೆ ತೋಟ ಇದೆ. ತೋಟದ ಬಸಿಗಾಲುವೇಲಿ ನಿಂತ ನೀರಿನ ಮೇಲೆ ಬಣ್ಣ ಬಣ್ಣದ ಎಣ್ಣೆ ಪದರ ಕಟ್ಟತ್ತೆ, ಮಳೆಗಾಲ ಮುಗಿದ ಮೇಲಂತೂ ಜಾಸ್ತಿ. ಹೋದ ವರ್ಷ ಬೋರ್ ಹೊಡೆಸಿದಾಗ ಕಪ್ಪಗೆ ಮಿರಿ ಮಿರಿ ಅನ್ನೋ ಕಲ್ಲಿನ ಪುಡಿ ಬಂತು. ಪೆಟ್ರೋಲ್ ಇರಬಹುದು, ಟೆಸ್ಟ್ ಮಾಡ್ಸು ಅಂತ ನೆಂಟ್ರು ಹೇಳ್ತಿದಾರೆ. ನೀವು ಹೇಳಿದ ಆ ಮಷೀನಿಗೆ ಕೊಡಬಹುದಾ?

ಉತ್ತರ: ಕೊಡಬೇಡಿ, ದುಡ್ಡು ದಂಡ. ಹಾಗಂತ ನಿಮ್ಮ ಪ್ರಶ್ನೆ ಸಣ್ಣದು ಅಂತ ಅಲ್ಲ, ಎರಡೂ ವಿಷಯಕ್ಕೆ ಸರಿಯಾದ ಕಾರಣ ಇದೆ, ಒಂದೊಂದಾಗಿ ಹೇಳ್ತೀನಿ.

ನೀರಿನ ಮೇಲಿನ ಪದರಕ್ಕೆ ಲ್ಯಾಬ್ ಬೇಡ, ಒಂದು ಕಡ್ಡಿ ತಗೊಂಡು ಆ ಪದರವನ್ನ ಕದಡಿ ನೋಡಿ. ಗಾಜು ಒಡೆದ ಹಾಗೆ ಚೂರು ಚೂರಾಗಿ, ಮೂಲೆ ಮೂಲೆ ಇರೋ ತುಂಡಾಗಿ ಒಡೆದು ಹಾಗೇ ಬಿಟ್ಟುಕೊಂಡಿದ್ರೆ ಅದು ಕಬ್ಬಿಣದ ಬ್ಯಾಕ್ಟೀರಿಯಾ ಮಾಡಿದ ಪದರ. ಎಣ್ಣೆ ಆಗಿದ್ರೆ ಒಡೆಯಲ್ಲ, ಸುತ್ಕೊಂಡು ಹರಿದು ಮತ್ತೆ ಕೂಡ್ಕೊಳತ್ತೆ. ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಕಬ್ಬಿಣ ಹೇರಳ, ನಿಂತ ನೀರಲ್ಲಿ ಗಾಳಿ ಆಡದೆ ಅದು ಕರಗಿರತ್ತೆ, ಮೇಲೆ ಬಂದು ಗಾಳಿ ಸೋಕಿದ ಕೂಡ್ಲೆ ಬ್ಯಾಕ್ಟೀರಿಯಾ ಅದನ್ನ ತೆಳ್ಳನೆ ಪದರ ಮಾಡತ್ತೆ, ಬೆಳಕು ಬಿದ್ದಾಗ ಕಾಮನಬಿಲ್ಲಿನ ಬಣ್ಣ ಕಾಣೋದು ಅದಕ್ಕೇ. ಕಾಲುವೆ ಅಂಚಲ್ಲಿ ಕಿತ್ತಳೆ ಬಣ್ಣದ ಲೋಳೆ ಇದ್ಯಾ ನೋಡಿ, ಇದ್ರೆ ಅನುಮಾನವೇ ಬೇಡ. ಒಂದು ವೇಳೆ ಪದರ ಕೂಡ್ಕೊಂಡ್ರೆ ಮೊದಲು ಹತ್ತಿರದಲ್ಲಿ ಡೀಸೆಲ್ ಪಂಪ್ ಸೆಟ್ ಇದ್ಯಾ ನೋಡಿ.

ಇನ್ನು ಕಪ್ಪು ಪುಡಿ. ನಮ್ಮ ಮಲೆನಾಡಿನ ತಳಗಲ್ಲು ಬಹುಪಾಲು ನೈಸ್ ಮತ್ತೆ ಧಾರವಾಡ ಶಿಸ್ಟ್, ಅಂದ್ರೆ ಭೂಮಿಯೊಳಗೆ ಬೆಂದು ರೂಪ ಬದಲಾದ ಕಲ್ಲುಗಳು, ವಯಸ್ಸು 250 ಕೋಟಿ ವರ್ಷದ ಮೇಲೆ. ಹೊಳೆಯೋ ಕಪ್ಪು ಪುಡಿ ಅಂದ್ರೆ ಸಾಮಾನ್ಯವಾಗಿ ಕಪ್ಪು ಅಭ್ರಕ, ಇಲ್ಲಾ ಹಾರ್ನ್‌ಬ್ಲೆಂಡ್ ಅನ್ನೋ ಖನಿಜ. ಕೆಲವು ಕಡೆ ಇಂಗಾಲ ಇರೋ ಫಿಲ್ಲೈಟ್ ಅನ್ನೋ ಕಪ್ಪು ಕಲ್ಲಿನ ಪದರನೂ ಸಿಗತ್ತೆ, ಕೈಗೆ ಮಸಿ ಹತ್ತಿ ಪೇಪರ್ ಮೇಲೆ ಗೆರೆ ಬಿದ್ರೆ ಅದು ಗ್ರಾಫೈಟ್ ಇರಬಹುದು. ಆ ಇಂಗಾಲ ಒಂದು ಕಾಲದಲ್ಲಿ ಸಮುದ್ರದ ಕೆಸರಲ್ಲಿ ಸತ್ತ ಸೂಕ್ಷ್ಮಜೀವಿಗಳದ್ದೇ ಆಗಿರಬಹುದು, ಆದ್ರೆ ಭೂಮಿಯೊಳಗೆ 300 ಡಿಗ್ರಿಗೂ ಮೀರಿ ಬೆಂದು ಅದರಲ್ಲಿದ್ದ ಹೈಡ್ರೋಜನ್ ಎಲ್ಲ ಹೊರಟುಹೋಗಿದೆ, ಉಳಿದಿರೋದು ಬರೀ ಇಂಗಾಲ. ಎಣ್ಣೆ ಅಂದ್ರೆ ಇಂಗಾಲದ ಜೊತೆ ಹೈಡ್ರೋಜನ್. ಗ್ರಾಫೈಟನ್ನ ಆ ಮಷೀನಲ್ಲಿ ಇಟ್ಟು ಎಷ್ಟೇ ಕಾಯಿಸಿದ್ರೂ ಹೈಡ್ರೋಕಾರ್ಬನ್ ಲೆಕ್ಕ ಸೊನ್ನೆಗೆ ಹತ್ತಿರವೇ ಬರತ್ತೆ.

ಪ್ರಶ್ನೆ: ನಾನು ಶಂಕರಘಟ್ಟದಲ್ಲಿ ಜಿಯಾಲಜಿ ಎಂ.ಎಸ್ಸಿ ಓದ್ತಿದೀನಿ ಮೇಡಂ. ನೀವು ಹೇಳಿದ ಆ ಕಲ್ಲು ಕಾಯಿಸೋ ಮಷೀನ್, ರಾಕ್ ಇವಾಲ್, ಅದರ ಬಗ್ಗೆ ಪುಸ್ತಕದಲ್ಲಿ ಎಸ್1, ಎಸ್2, ಎಸ್3, ಟೀಮ್ಯಾಕ್ಸ್ ಅಂತ ಬರೀ ಡೆಫಿನಿಷನ್ ಇದೆ, ಮಷೀನ್ ಕಣ್ಣಲ್ಲಿ ನೋಡಿಲ್ಲ. ಒಳಗೆ ಏನಾಗತ್ತೆ ಅಂತ ಮೊದಲಿಂದ ಹೇಳ್ತೀರಾ?

ಉತ್ತರ: ಖಂಡಿತ ಹೇಳ್ತೀನಮ್ಮಾ, ಮಷೀನ್ ನೋಡದೇನೂ ಇದನ್ನ ಅರ್ಥ ಮಾಡ್ಕೋಬಹುದು.

ಇದನ್ನ ರೂಪಿಸಿದ್ದು ಫ್ರಾನ್ಸಿನ ಪೆಟ್ರೋಲಿಯಂ ಸಂಸ್ಥೆ, ಎಸ್ಪಿಟಾಲಿಯೆ ಮತ್ತೆ ಅವರ ಜೊತೆಗಾರರು 1977ರಲ್ಲಿ ವಿಧಾನ ಪ್ರಕಟ ಮಾಡಿದ್ರು. ಅದಕ್ಕೆ ಮುಂಚೆ ಒಂದು ಕಲ್ಲಿನ ಸಾವಯವ ವಸ್ತು ಎಂಥದ್ದು ಅಂತ ತಿಳಿಯೋಕೆ ಆಸಿಡ್‌ಗಳಲ್ಲಿ ಕಲ್ಲು ಕರಗಿಸಿ ಕೆರೋಜೆನ್ ಬೇರ್ಪಡಿಸಿ ಹೈಡ್ರೋಜನ್, ಆಕ್ಸಿಜನ್, ಇಂಗಾಲ ಬೇರೆ ಬೇರೆ ಅಳೀಬೇಕಿತ್ತು, ಒಂದು ಸ್ಯಾಂಪಲ್‌ಗೇ ದಿನಗಟ್ಟಲೆ ಹಿಡಿಯೋದು. ಕೆರೋಜೆನ್ ಅಂದ್ರೆ ಗೊತ್ತಲ್ಲ, ಕಲ್ಲಲ್ಲಿರೋ ಸಾವಯವ ವಸ್ತುವಲ್ಲಿ ಸಾಲ್ವೆಂಟ್‌ಗೂ ಕರಗದೆ ಉಳಿಯೋ ಭಾಗ, ಎಣ್ಣೆ ಹುಟ್ಟೋದು ಅದರಿಂದ. ರಾಕ್ ಇವಾಲ್ ಬಂದ ಮೇಲೆ ಇಡೀ ಕಲ್ಲಿನ ಪುಡೀನೇ ನೇರವಾಗಿ ಕಾಯಿಸಿ, ಒಂದು ಗಂಟೆ ಆಸುಪಾಸಲ್ಲಿ ಉತ್ತರ ಸಿಗೋ ಹಾಗಾಯ್ತು, ಬಾವಿ ಕೊರೀತಿರೋ ಜಾಗದಲ್ಲೇ ಸ್ಯಾಂಪಲ್ ಮೇಲೆ ಸ್ಯಾಂಪಲ್ ಓಡಿಸೋ ಹಾಗಾಯ್ತು. ಸೋರ್ಸ್ ರಾಕ್, ಅಂದ್ರೆ ಎಣ್ಣೆ ಹುಟ್ಟಿಸೋ ಕಲ್ಲಿನ ಕೆಲಸದ ದಿಕ್ಕೇ ಬದಲಾಗಿದ್ದು ಅಲ್ಲಿಂದ ಅಂತ ನನ್ನ ನಂಬಿಕೆ.

60, 70 ಮಿಲಿಗ್ರಾಂ ಪುಡಿ ಸಾಕು, ಪುಟ್ಟ ಸ್ಟೀಲ್ ಬಟ್ಟಲಲ್ಲಿ ಇಟ್ಟು ಒಲೆ ಒಳಗೆ ಕಳಿಸ್ತಾರೆ. ಒಲೇಲಿ ನೈಟ್ರೋಜನ್ ಇಲ್ಲಾ ಹೀಲಿಯಂ ಹರೀತಿರತ್ತೆ, ಆಕ್ಸಿಜನ್ ಇದ್ರೆ ಎಲ್ಲ ಉರಿದು ಹೋಗತ್ತಲ್ಲ ಅದಕ್ಕೆ. ಮೊದಲು 300 ಡಿಗ್ರೀಲಿ ಮೂರು ನಿಮಿಷ ಹಿಡೀತಾರೆ. ಕಲ್ಲಿನ ಸಂದೀಲಿ ಆಗಲೇ ಹುಟ್ಟಿ ಕೂತಿರೋ ಹಗುರ ಎಣ್ಣೆ, ಗ್ಯಾಸ್ ಆವಿಯಾಗಿ ಬರತ್ತೆ, ಅದು ಎಸ್1. ಆಮೇಲೆ ನಿಮಿಷಕ್ಕೆ 25 ಡಿಗ್ರಿ ಲೆಕ್ಕದಲ್ಲಿ ಬಿಸಿ ಏರಿಸ್ತಾ 650ರವರೆಗೆ ಹೋಗ್ತಾರೆ, ರಾಕ್ ಇವಾಲ್ 6 ಅನ್ನೋ ಮಾದರೀಲಿ 850ರವರೆಗೂ ಹೋಗಬಹುದು. ಆಗ ಕೆರೋಜೆನ್ ತುಂಡಾಗಿ ಹೊಸದಾಗಿ ಹುಟ್ಟೋ ಹೈಡ್ರೋಕಾರ್ಬನ್ನೇ ಎಸ್2, ಅಂದ್ರೆ ಈ ಕಲ್ಲು ಮುಂದೆ ಕೊಡಬಹುದಾದ ಎಣ್ಣೆ ಗ್ಯಾಸು. ಎರಡನ್ನೂ ಅಳೆಯೋದು ಹೈಡ್ರೋಜನ್ ಜ್ವಾಲೆಯ ಡಿಟೆಕ್ಟರ್. ಎಸ್2 ಗೆರೆ ಬೆಟ್ಟದ ಥರ ಏರಿ ಇಳಿಯತ್ತೆ, ಆ ತುದಿ ಬಂದಾಗಿನ ಟೆಂಪರೇಚರ್‌ಗೇ ಟೀಮ್ಯಾಕ್ಸ್ ಅನ್ನೋದು. ಎಸ್3 ಅಂದ್ರೆ ಕೆರೋಜೆನ್ನಿಂದ ಬರೋ ಕಾರ್ಬನ್ ಡೈಆಕ್ಸೈಡ್, ಅದನ್ನ 390 ಡಿಗ್ರಿವರೆಗೆ ಮಾತ್ರ ಲೆಕ್ಕಕ್ಕೆ ತಗೋತಾರೆ, ಅದರಾಚೆ ಸಿಡೆರೈಟ್ ಥರದ ಕಾರ್ಬೊನೇಟ್ ಖನಿಜಗಳು ಒಡೆದು ಅವುಗಳ ಕಾರ್ಬನ್ ಡೈಆಕ್ಸೈಡೂ ಸೇರ್ಕೊಳತ್ತೆ. ಕೊನೆಗೆ ಉಳಿದ ಕರಿಯನ್ನ ಗಾಳೀಲಿ ಸುಟ್ಟು ಉಳಿದ ಇಂಗಾಲ ಎಷ್ಟು ಅಂತ ನೋಡ್ತಾರೆ. ಎರಡು ಹಂತದ ಇಂಗಾಲ ಕೂಡಿದ್ರೆ ಒಟ್ಟು ಸಾವಯವ ಇಂಗಾಲ, ಲ್ಯಾಬಲ್ಲಿ ಎಲ್ಲರೂ ಟಿಓಸಿ ಅಂತಾರೆ.

ಒಂದು ಲೆಕ್ಕ ಮಾಡಿ ನೋಡೋಣ, ನಂಬರ್ ನಾನೇ ಇಟ್ಕೊಂಡಿದ್ದು. ಟಿಓಸಿ 3 ಪರ್ಸೆಂಟ್, ಎಸ್1 0.6, ಎಸ್2 12, ಎಸ್3 0.9, ಟೀಮ್ಯಾಕ್ಸ್ 428 ಅಂತಿರಲಿ. ಎಸ್ ಗಳೆಲ್ಲ ಒಂದು ಗ್ರಾಂ ಕಲ್ಲಿಗೆ ಇಷ್ಟು ಮಿಲಿಗ್ರಾಂ ಅಂತ, ಅಂದ್ರೆ ಎಸ್2 12 ಅಂದ್ರೆ ಒಂದು ಟನ್ ಕಲ್ಲಿಗೆ 12 ಕೆಜಿ. ಎಸ್2ನ ಟಿಓಸಿಯಿಂದ ಭಾಗಿಸಿ 100ರಿಂದ ಗುಣಿಸಿದ್ರೆ ಹೈಡ್ರೋಜನ್ ಇಂಡೆಕ್ಸ್ 400, ಎಸ್3ಗೆ ಹಾಗೇ ಮಾಡಿದ್ರೆ ಆಕ್ಸಿಜನ್ ಇಂಡೆಕ್ಸ್ 30. ಹೈಡ್ರೋಜನ್ ಇಂಡೆಕ್ಸ್ 600ರ ಮೇಲಿದ್ರೆ ಟೈಪ್ 1 ಕೆರೋಜೆನ್, ಅದು ಹೆಚ್ಚಾಗಿ ಸರೋವರದ ಪಾಚಿಯಿಂದ ಬಂದಿದ್ದು, 300ರಿಂದ 600 ಟೈಪ್ 2, ಹೆಚ್ಚಾಗಿ ಸಮುದ್ರದ್ದು, 50ರಿಂದ 200 ಟೈಪ್ 3, ಮರಗಿಡದ್ದು, ಮುಖ್ಯವಾಗಿ ಗ್ಯಾಸ್ ಕೊಡತ್ತೆ. 200, 300ರ ಮಧ್ಯೆ ಮಿಶ್ರಣ, 50ರ ಕೆಳಗೆ ಎಣ್ಣೆ ಗ್ಯಾಸ್ ಕೊಡದ ಸತ್ತ ಇಂಗಾಲ. ಇವೆಲ್ಲ ಕಲ್ಲು ಇನ್ನೂ ಬೇಯದೆ ಇರೋವಾಗಿನ ಲೆಕ್ಕ ಅನ್ನೋದನ್ನ ಮರೀಬೇಡ, ಬೆಂದ ಟೈಪ್ 2 ಕೂಡ ನೋಡೋಕೆ ಟೈಪ್ 3 ಥರ ಕಾಣತ್ತೆ. ಎಸ್1ನ ಎಸ್1 ಮತ್ತೆ ಎಸ್2 ಮೊತ್ತದಿಂದ ಭಾಗಿಸಿದ್ರೆ ಪ್ರೊಡಕ್ಷನ್ ಇಂಡೆಕ್ಸ್, ಇಲ್ಲಿ 0.05ಕ್ಕೂ ಕಮ್ಮಿ. ಎಣ್ಣೆ ಹುಟ್ಟೋಕೆ ಶುರುವಾದ ಕಲ್ಲಲ್ಲಿ ಅದು 0.1ರ ಆಸುಪಾಸು ಇರತ್ತೆ, ಟೀಮ್ಯಾಕ್ಸ್ 435 ದಾಟಿರತ್ತೆ. ಹಾಗಾಗಿ ಇದು ಒಳ್ಳೆ ಕಲ್ಲು, ಸಮುದ್ರದ ಕೆರೋಜೆನ್ ಇದೆ, ಆದ್ರೆ ಇನ್ನೂ ಬೆಂದಿಲ್ಲ. ಇದೇ ಪದರ ಇದೇ ಬೇಸಿನ್ನಲ್ಲಿ, ಅಂದ್ರೆ ಕೆಸರು ತುಂಬಿ ಕಲ್ಲಾದ ದೊಡ್ಡ ತಗ್ಗಲ್ಲಿ, ಇನ್ನೂ ಆಳಕ್ಕೆ ಎಲ್ಲಿ ಹೋಗಿದೆ ಅಂತ ಹುಡುಕೋದು ಮುಂದಿನ ಕೆಲಸ.

ಇನ್ನೊಂದು ಮಾತು. ಹೈಡ್ರೋಕಾರ್ಬನ್ನಲ್ಲಿ ಇಂಗಾಲ ಸುಮಾರು 83 ಪರ್ಸೆಂಟ್ ಅಂತ ಹಿಡಿದು ಎಸ್1, ಎಸ್2 ಕೂಡಿಸಿ 0.083ರಿಂದ ಗುಣಿಸಿ ನೋಡು, ಸುಮಾರು 1.05 ಬರತ್ತೆ. ಅಂದ್ರೆ 3 ಪರ್ಸೆಂಟ್ ಇಂಗಾಲದಲ್ಲಿ ಮೂರನೇ ಒಂದು ಭಾಗ ಮಾತ್ರ ಎಣ್ಣೆ ಗ್ಯಾಸ್ ಆಗೋದು, ಉಳಿದಿದ್ದು ಕರಿಯಾಗೇ ಉಳಿಯತ್ತೆ. ಟಿಓಸಿ ಜಾಸ್ತಿ ಇದ್ರೆ ಸಾಕು ಅನ್ನೋರಿಗೆ ಈ ಒಂದು ಲೆಕ್ಕ ತೋರಿಸಬೇಕು.

ಪ್ರಶ್ನೆ: ನಾನು ಭದ್ರಾವತಿಯವನು, ಕಬ್ಬಿಣದ ಕಾರ್ಖಾನೇಲಿ ಕೆಲಸ ಮಾಡಿ ರಿಟೈರ್ ಆದವನು. ಹಿಂದೆ ನಮ್ಮಲ್ಲಿ ಮರ ಕಾಯಿಸಿ ಇದ್ದಿಲು, ಟಾರು ತೆಗೀತಿದ್ರಂತೆ ಅಂತ ಹಿರಿಯರು ಹೇಳ್ತಿದ್ರು. ನೀವು ಹೇಳಿದ್ದೂ ಅದೇ ಅಲ್ವಾ ತಾಯಿ? ಇನ್ನೊಂದು, ಆ ಮಷೀನಲ್ಲಿ ಟೀಮ್ಯಾಕ್ಸ್ 430 ಡಿಗ್ರಿ ಅಂತೆಲ್ಲ ಬರತ್ತಂತೆ, ಭೂಮಿ ಒಳಗೆ ಅಷ್ಟು ಬಿಸಿ ಇದ್ರೆ ಎಣ್ಣೆ ಎಲ್ಲ ಸುಟ್ಟೇ ಹೋಗಲ್ವಾ?

ಉತ್ತರ: ಸರಿಯಾಗಿ ಹಿಡಿದ್ರಿ ಸಾರ್. ಮೈಸೂರು ಐರನ್ ವರ್ಕ್ಸ್ ಅಂತ ಇದ್ದ ಕಾಲದಲ್ಲಿ, 1923ರಲ್ಲಿ ಇದ್ದಿಲಿನ ಬ್ಲಾಸ್ಟ್ ಫರ್ನೇಸ್ ಶುರುವಾದಾಗ, ಅದಕ್ಕೆ ಇದ್ದಿಲು ಮಾಡೋಕೆ ಮರದ ಡಿಸ್ಟಿಲೇಷನ್ ಪ್ಲಾಂಟ್ ಇತ್ತು, ಮಲೆನಾಡಿನ ಕಾಡಿನ ಮರವನ್ನ ಗಾಳಿ ಬಿಡದೆ ಕಾಯಿಸಿ ಇದ್ದಿಲಿನ ಜೊತೆಗೆ ಟಾರು, ಮರದ ಸ್ಪಿರಿಟ್ಟು ಎಲ್ಲ ತೆಗೀತಿದ್ರು. ರಸಾಯನಶಾಸ್ತ್ರದ ಮಟ್ಟಿಗೆ ಎರಡೂ ಒಂದೇ, ಪೈರಾಲಿಸಿಸ್. ವ್ಯತ್ಯಾಸ ಏನಂದ್ರೆ ಅಲ್ಲಿ ಬೇಕಾಗಿದ್ದು ಸರಕು, ಇಲ್ಲಿ ಬೇಕಾಗಿರೋದು ಎಷ್ಟು ಡಿಗ್ರೀಲಿ ಎಷ್ಟು ಬಂತು ಅನ್ನೋ ಲೆಕ್ಕ.

ಎರಡನೇ ಪ್ರಶ್ನೆ ಇನ್ನೂ ಮುಖ್ಯ, ಪದವಿ ಓದಿದವರೂ ಇಲ್ಲಿ ತಪ್ತಾರೆ. ಟೀಮ್ಯಾಕ್ಸ್ ಭೂಮಿಯೊಳಗಿನ ಬಿಸಿ ಅಲ್ಲವೇ ಅಲ್ಲ. ಎಣ್ಣೆ ಹುಟ್ಟೋ ಪದರದಲ್ಲಿ ಬಿಸಿ ಸಾಮಾನ್ಯವಾಗಿ 60ರಿಂದ 150 ಡಿಗ್ರಿ ಒಳಗೇ ಇರತ್ತೆ. ಅಲ್ಲಿ ಹತ್ತು ಲಕ್ಷ ವರ್ಷಕ್ಕೆ ಕೆಲವೇ ಡಿಗ್ರಿ ಏರತ್ತೆ, ಲ್ಯಾಬಲ್ಲಿ ನಿಮಿಷಕ್ಕೇ 25 ಡಿಗ್ರಿ ಏರಿಸ್ತೀವಿ. ಹಸಿ ಅಡಿಕೆ ಅಂಗಳದ ಬಿಸಿಲಲ್ಲಿ ವಾರಗಟ್ಟಲೆ ಒಣಗೋದನ್ನ ಡ್ರೈಯರ್‌ನಲ್ಲಿ ಬಿಸಿ ಜಾಸ್ತಿ ಮಾಡಿ ಬೇಗ ಮುಗಿಸಲ್ವಾ, ಹಾಗೆ ಕಾಲ ಕಮ್ಮಿ ಇರೋದಕ್ಕೆ ಬಿಸಿ ಜಾಸ್ತಿ ಕೊಡ್ತೀವಿ. ಅಷ್ಟೇ ಅಲ್ಲ, ಅದೇ ಪುಡೀನ ನಿಮಿಷಕ್ಕೆ 5 ಡಿಗ್ರಿ ಲೆಕ್ಕದಲ್ಲಿ ಕಾಯಿಸಿದ್ರೆ ತುದಿ ಕಮ್ಮಿ ಟೆಂಪರೇಚರ್‌ಗೇ ಬರತ್ತೆ, 25 ಕೊಟ್ರೆ ಮೇಲಕ್ಕೆ ಜರುಗತ್ತೆ. ಆ ಜರುಗೋದನ್ನೇ ಹಿಡ್ಕೊಂಡು ಕೆರೋಜೆನ್ನಿನ ಬಂಧ ಒಡೆಯೋಕೆ ಎಷ್ಟು ಶಕ್ತಿ ಬೇಕು ಅಂತ ಲೆಕ್ಕ ತೆಗೆದು, ಭೂಮಿಯ ನಿಧಾನ ಗತಿಗೆ ಹೊಂದಿಸ್ತಾರೆ. ಅದಕ್ಕೆ ಕೈನೆಟಿಕ್ಸ್ ಅಂತಾರೆ, ಬೇಸಿನ್ ಮಾಡೆಲ್ ಮಾಡೋರೆಲ್ಲ ನಿಂತಿರೋದು ಅದರ ಮೇಲೆ.

ಒಲೆ ಬದಲು ಮುಚ್ಚಿದ ಸ್ಟೀಲ್ ಪಾತ್ರೇಲಿ ಕಲ್ಲಿನ ಚೂರನ್ನ ನೀರಿನ ಜೊತೆ ಹಾಕಿ 280ರಿಂದ 365 ಡಿಗ್ರೀಲಿ ಸುಮಾರು ಮೂರು ದಿನ ಬೇಯಿಸೋ ವಿಧಾನನೂ ಇದೆ, 1979ರಲ್ಲಿ ಲೆವಾನ್ ಮತ್ತೆ ಜೊತೆಗಾರರು ಪ್ರಕಟ ಮಾಡಿದ್ದು, ಹೈಡ್ರಸ್ ಪೈರಾಲಿಸಿಸ್ ಅಂತ. ಮುಗಿದ ಮೇಲೆ ತೆಗೆದ್ರೆ ನೀರಿನ ಮೇಲೆ ನಿಜವಾದ ಕಚ್ಚಾ ತೈಲದ ಥರದ ಎಣ್ಣೆ ತೇಲ್ತಿರತ್ತೆ. ರಾಕ್ ಇವಾಲಲ್ಲಿ ಬರೋ ಆವಿಗಿಂತ ಇದು ಪ್ರಕೃತಿಗೆ ಹೆಚ್ಚು ಹತ್ತಿರ, ಆದ್ರೆ ನಿಧಾನ, ಸ್ಯಾಂಪಲ್ಲೂ ತುಂಬಾ ಬೇಕು, ನೂರಾರು ಸ್ಯಾಂಪಲ್‌ಗೆ ಮಾಡೋಕಾಗಲ್ಲ.

ಪ್ರಶ್ನೆ: ಅಕ್ಕ, ನಾನು ಸಾಗರದ ಹುಡುಗ, ಈಗ ರಾಜಸ್ಥಾನದಲ್ಲಿ ಬಾವಿ ಕೊರೆಯೋ ಸೈಟಲ್ಲಿ ಟ್ರೇನಿ. ಒಂದು ಬಾವಿ ರಿಪೋರ್ಟಲ್ಲಿ ಟೀಮ್ಯಾಕ್ಸ್ ಎಲ್ಲ 438, 440, 441 ಅಂತ ಆಳಕ್ಕೆ ಸರಿಯಾಗಿ ಬರ್ತಿದೆ, ಮಧ್ಯೆ ಒಂದು ಮಾತ್ರ 382, ಅದರಲ್ಲಿ ಎಸ್1 ತುಂಬಾ ಜಾಸ್ತಿ. ಸೀನಿಯರ್ ಕೇಳಿದ್ರೆ ಆವರೇಜಿಗೆ ತಗೋ ಅಂದ್ರು. ಸರೀನಾ?

ಉತ್ತರ: ಸರಿ ಅಲ್ಲ ತಮ್ಮಾ. ಆವರೇಜಿಗೆ ಹಾಕಿದ್ರೆ ಒಳ್ಳೆ ಮೂರು ನಂಬರೂ ಕೆಡತ್ತೆ, ಆ ಒಂದು ನಂಬರ್ ಹೇಳ್ತಿರೋ ವಿಷಯನೂ ಕಳೆದುಹೋಗತ್ತೆ. ನಿನ್ನ ಪತ್ರ ಓದಿ ನಂಗೆ ಸಮಾಧಾನ ಆಯ್ತು, ಯಾಕಂದ್ರೆ ಬೇಕಾದಷ್ಟು ಜನ ಎಕ್ಸೆಲ್ ಶೀಟ್ ಬಿಟ್ಟು ಬೇರೇನೂ ತೆರೆಯಲ್ಲ.

ಮೊದಲು ಲ್ಯಾಬಿಂದ ಆ ಸ್ಯಾಂಪಲ್ಲಿನ ಪೈರೋಗ್ರಾಮ್ ತರಿಸ್ಕೋ, ಅಂದ್ರೆ ಆ ಏರಿಳಿತದ ಗೆರೆ. ನಾನು ಎಲ್ಲರಿಗೂ ಹೇಳೋದು ಇದೊಂದೇ, ಗೆರೆ ನೋಡದೆ ಟೀಮ್ಯಾಕ್ಸ್ ನಂಬಬೇಡಿ. ಮಷೀನ್ ಪಾಪ ಎತ್ತರದ ತುದಿ ಎಲ್ಲಿದ್ಯೋ ಅಲ್ಲಿನ ನಂಬರ್ ಕೊಡತ್ತೆ, ಆ ತುದಿ ಕೆರೋಜೆನ್ನಿದ್ದೋ ಬೇರೆ ಯಾವುದೋ ಕೊಳೆಯದ್ದೋ ಅಂತ ಅದಕ್ಕೆ ಗೊತ್ತಿಲ್ಲ. ನಿನ್ನ ಸ್ಯಾಂಪಲ್ಲಲ್ಲಿ ಎಸ್2 ಒಂದೇ ಬೆಟ್ಟ ಆಗಿರದೆ, 380ರ ಹತ್ತಿರ ಒಂದು ಗುಡ್ಡ, 440ರ ಹತ್ತಿರ ಇನ್ನೊಂದು ಅಂತ ಎರಡಾಗಿರೋ ಸಾಧ್ಯತೆ ಜಾಸ್ತಿ. ಮೊದಲ ಗುಡ್ಡ ಅಂದ್ರೆ 300 ಡಿಗ್ರೀಲಿ ಆವಿಯಾಗದೆ ಉಳಿದ ಭಾರದ ಎಣ್ಣೆ, ಡಾಂಬರಿನಂಥ ಬಿಟುಮೆನ್, ಇಲ್ಲಾ ಕೊರೆಯೋವಾಗ ಬಾವೀಲಿ ಓಡಿಸೋ ಕೆಸರಿನಂಥ ದ್ರವಕ್ಕೆ, ಅಂದ್ರೆ ಮಡ್‌ಗೆ ಹಾಕಿದ ಯಾವುದಾದ್ರೂ ಪದಾರ್ಥ. ಆಯಿಲ್ ಬೇಸ್ ಮಡ್ ಬಳಸಿದ್ರಾ, ಆ ಆಳದಲ್ಲಿ ಪೈಪ್ ಸಿಕ್ಕಿಹಾಕ್ಕೊಂಡು ಡೀಸೆಲ್ ಬಿಟ್ರಾ, ಮಡ್ ನಷ್ಟ ತಡೆಯೋಕೆ ವಾಲ್ನಟ್ ಸಿಪ್ಪೆ ಪುಡಿ, ಲಿಗ್ನೈಟ್ ಅನ್ನೋ ಕಂದು ಕಲ್ಲಿದ್ದಲು ಏನಾದ್ರೂ ಸುರಿದ್ರಾ ಅಂತ ಮಡ್ ರಿಪೋರ್ಟ್ ತೆಗೆದು ಅದೇ ಆಳಕ್ಕೆ ನೋಡು. ಏನೂ ಹಾಕಿಲ್ಲ ಅಂತಾದ್ರೆ ಖುಷಿ ಪಡು, ಬೇರೆ ಕಡೆ ಹುಟ್ಟಿದ ಎಣ್ಣೆ ಹರಿದು ಬಂದು ಆ ಪದರದಲ್ಲಿ ಕೂತಿರಬಹುದು, ಬಾವಿ ಕೊರೆಯೋದೇ ಅದಕ್ಕಲ್ವಾ.

ಇತ್ಯರ್ಥ ಮಾಡೋ ದಾರಿ ಸುಲಭ. ಉಳಿದ ಪುಡೀನ ಡೈಕ್ಲೋರೋಮೀಥೇನ್ ಥರದ ಸಾಲ್ವೆಂಟಲ್ಲಿ ತೊಳೆದು, ಒಣಗಿಸಿ, ಮತ್ತೆ ಓಡಿಸೋಕೆ ಹೇಳು. ಎಣ್ಣೆ, ಬಿಟುಮೆನ್, ಡೀಸೆಲ್ ತೊಳೆದು ಹೋಗತ್ತೆ, ಕೆರೋಜೆನ್ ಕರಗಲ್ಲ. ಎಸ್1 ಬಿದ್ದು, ಮೊದಲ ಗುಡ್ಡ ಮಾಯವಾಗಿ ಟೀಮ್ಯಾಕ್ಸ್ 440ಕ್ಕೆ ಬಂದ್ರೆ ಉತ್ತರ ಸಿಕ್ಕಿತು. ಸಿಪ್ಪೆ ಪುಡಿ, ಲಿಗ್ನೈಟ್ ಮಾತ್ರ ಹೀಗೆ ಪೂರ್ತಿ ಹೋಗಲ್ಲ, ಅವನ್ನ ಮೈಕ್ರೋಸ್ಕೋಪಲ್ಲೇ ಹಿಡೀಬೇಕು.

ಇದೇ ಜಾತಿ ಇನ್ನೂ ಮೂರ್ನಾಲ್ಕು ವಿಷಯ ಇದೆ, ನೀನು ಇದರಲ್ಲೇ ಮುಂದುವರಿಯೋದಾದ್ರೆ ಬೇಕಾಗತ್ತೆ. ಎಸ್2 0.2ಕ್ಕಿಂತ ಕಮ್ಮಿ ಇರೋ ಸ್ಯಾಂಪಲ್ಲಲ್ಲಿ ಬೆಟ್ಟವೇ ಇರಲ್ಲ, ಚಪ್ಪಟೆ ಗೆರೆ, ಅದರ ಟೀಮ್ಯಾಕ್ಸನ್ನ ಟೇಬಲ್ಲಿಂದ ತೆಗೆದೇಬಿಡು, 0.5ರವರೆಗೂ ಹುಷಾರಾಗಿರು. ಆಮೇಲೆ ಜೇಡಿ ಖನಿಜ, ಅದರಲ್ಲೂ ಇಲ್ಲೈಟ್, ಹುಟ್ಟಿದ ಹೈಡ್ರೋಕಾರ್ಬನ್ನನ್ನ ಹಿಡಿದು ಇಟ್ಕೊಳತ್ತೆ. ಟಿಓಸಿ ಕಮ್ಮಿ ಇರೋ ಕಲ್ಲಲ್ಲಿ ಹೀಗಾದಾಗ ಎಸ್2 ಇರೋದಕ್ಕಿಂತ ಕಮ್ಮಿ ತೋರಿಸತ್ತೆ, ಟೀಮ್ಯಾಕ್ಸ್ ಮೇಲೆ ಹೋಗತ್ತೆ, ಒಳ್ಳೆ ಕೆರೋಜೆನ್ನೂ ಬಡವಾಗಿ ಕಾಣತ್ತೆ. ಅದಕ್ಕೆ ಒಂದೊಂದೇ ಸ್ಯಾಂಪಲ್ಲಿನ ಹೈಡ್ರೋಜನ್ ಇಂಡೆಕ್ಸ್ ನೋಡೋ ಬದಲು ಒಂದೇ ಪದರದ ಎಲ್ಲ ಸ್ಯಾಂಪಲ್ ಸೇರಿಸಿ ಎಸ್2ನ ಟಿಓಸಿ ಎದುರು ಗ್ರಾಫ್ ಹಾಕು, ಗೆರೆ ಎಳಿ, ಅದರ ಇಳಿಜಾರನ್ನ 100ರಿಂದ ಗುಣಿಸಿದ್ರೆ ನಿಜಕ್ಕೆ ಹತ್ತಿರದ ಇಂಡೆಕ್ಸ್ ಸಿಗತ್ತೆ. ಆ ಗೆರೆ ಮೂಲಬಿಂದುವಿಗೆ ಹೋಗದೆ ಟಿಓಸಿ ಅಕ್ಷವನ್ನ ಬಲಗಡೆ ಮುಟ್ಟಿದ್ರೆ ಕಲ್ಲು ಅಷ್ಟರ ಮಟ್ಟಿಗೆ ನುಂಗ್ತಿದೆ, ಇಲ್ಲಾ ಅಷ್ಟು ಇಂಗಾಲ ಸತ್ತಿದ್ದು ಅಂತ ಅರ್ಥ.

435 ಅನ್ನೋದನ್ನೂ ಕಲ್ಲಲ್ಲಿ ಕೊರೆದಿಟ್ಟ ಹಾಗೆ ಇಟ್ಕೋಬೇಡ. ಗಂಧಕ ಜಾಸ್ತಿ ಇರೋ ಟೈಪ್ 2 ಕೆರೋಜೆನ್ ಬೇಗ ಒಡೆಯತ್ತೆ, ಟೀಮ್ಯಾಕ್ಸ್ ಕಮ್ಮಿ ಇದ್ದಾಗಲೇ ಎಣ್ಣೆ ಕೊಡೋಕೆ ಶುರು ಮಾಡತ್ತೆ. ಟೈಪ್ 1ರಲ್ಲಿ ಉಲ್ಟಾ, ಬಂಧಗಳೆಲ್ಲ ಒಂದೇ ಥರ ಇರೋದ್ರಿಂದ ಬೇಯ್ತಾ ಹೋದ್ರೂ ಟೀಮ್ಯಾಕ್ಸ್ ಅಷ್ಟಾಗಿ ಅಲುಗಾಡಲ್ಲ. ಹಾಗಾಗಿ ವಿಟ್ರಿನೈಟ್, ಅಂದ್ರೆ ಮರಗಿಡದಿಂದ ಬಂದ ಕಣದ ಹೊಳಪು ಅಳೆದಿದ್ರೆ ಅದರ ಜೊತೆ ಇಟ್ಟು ನೋಡು, ಎಣ್ಣೆ ಹುಟ್ಟೋ ಹಂತಕ್ಕೆ ಅದು ಸುಮಾರು 0.6ರಿಂದ 1.3 ಪರ್ಸೆಂಟ್. ಎರಡು ಬೇರೆ ಬೇರೆ ಸಾಕ್ಷಿ ಒಂದೇ ಮಾತು ಹೇಳಿದ್ರೆ ಧೈರ್ಯವಾಗಿ ಬರೆ. ಮತ್ತೆ ಲ್ಯಾಬ್‌ನೋರು ಗೊತ್ತಿರೋ ಸ್ಟ್ಯಾಂಡರ್ಡ್ ಪುಡೀನ ಮಧ್ಯೆ ಮಧ್ಯೆ ಓಡಿಸಿದಾರಾ, ಅದರ ನಂಬರ್ ಸರಿ ಬಂದಿದ್ಯಾ ಅಂತ ಕೇಳೋಕೆ ಸಂಕೋಚ ಬೇಡ. ಬಟ್ಟಲಿನ ನಿಜ ಬಿಸಿಗೂ ರಿಪೋರ್ಟಲ್ಲಿ ಬರೋ ಟೀಮ್ಯಾಕ್ಸ್‌ಗೂ ಸುಮಾರು 40 ಡಿಗ್ರಿ ವ್ಯತ್ಯಾಸ ಇರತ್ತೆ, ಹಳೇ ಮಷೀನ್‌ಗಳ ನಂಬರ್ ಜೊತೆ ಹೊಂದಲಿ ಅಂತ ಸ್ಟ್ಯಾಂಡರ್ಡ್ ಹಿಡಿದು ತಿದ್ದಿ ಕೊಡೋದು, ಆ ತಿದ್ದೋದೇ ತಪ್ಪಿದ್ರೆ ಇಡೀ ಬಾವಿ ತಪ್ಪು.

ಪ್ರಶ್ನೆ: ಶಿವಮೊಗ್ಗದ ಒಂದು ಕಾಲೇಜಲ್ಲಿ ಕೆಮಿಸ್ಟ್ರಿ ಪಾಠ ಮಾಡ್ತೀನಿ. ನಮ್ಮಲ್ಲಿ ಟಿಜಿಎ, ಅಂದ್ರೆ ಕಾಯಿಸ್ತಾ ತೂಕ ಅಳೆಯೋ ಮಷೀನ್ ಇದೆ, ರಾಕ್ ಇವಾಲ್ ಇಲ್ಲ. ಶೇಲ್ ಅನ್ನೋ ಜೇಡಿ ಕಲ್ಲಿಗೆ ಟಿಜಿಎ ಸಾಕಾಗತ್ತಾ?

ಉತ್ತರ: ಪಾಠಕ್ಕೆ ಸಾಕು, ತೀರ್ಪಿಗೆ ಸಾಲಲ್ಲ. ಟಿಜಿಎ ಹೇಳೋದು ತೂಕ ಎಷ್ಟು ಇಳೀತು ಅಂತ ಮಾತ್ರ, ಏನು ಹೋಯ್ತು ಅಂತ ಹೇಳಲ್ಲ. ನೂರು ಡಿಗ್ರಿ ಸುತ್ತ ತೇವ ಹೋಗತ್ತೆ, 350ರಿಂದ 550ರಲ್ಲಿ ಕೆರೋಜೆನ್ ಒಡೆಯತ್ತೆ, ಅಲ್ಲೇ 450ರ ಮೇಲೆ ಕೆಯೊಲಿನೈಟ್ ಜೇಡಿ ತನ್ನ ರಚನೆಯೊಳಗಿನ ನೀರು ಬಿಡತ್ತೆ, ಪೈರೈಟ್ ಇದ್ರೆ ಗಂಧಕ ಬಿಡತ್ತೆ, 650 ದಾಟಿದ ಮೇಲೆ ಸುಣ್ಣಕಲ್ಲಿನ ಕಾರ್ಬನ್ ಡೈಆಕ್ಸೈಡ್. 2 ಪರ್ಸೆಂಟ್ ಟಿಓಸಿ ಇರೋ ಶೇಲಲ್ಲಿ ಜೇಡಿಯ ನೀರೇ ಕೆರೋಜೆನ್ನಿಗಿಂತ ಜಾಸ್ತಿ ತೂಕ ಕಳೆಯಬಹುದು. ಹೊರಗೆ ಬರೋ ಗ್ಯಾಸನ್ನ ಇನ್ಫ್ರಾರೆಡ್ ಇಲ್ಲಾ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಜೋಡಿಸಿದ್ರೆ ಮಾತ್ರ ಯಾವುದು ಯಾವುದು ಅಂತ ಬಿಡಿಸಬಹುದು. ಸಾವಯವ ವಸ್ತು ಹೇರಳ ಇರೋ ಆಯಿಲ್ ಶೇಲ್, ಲಿಗ್ನೈಟ್, ಬೇರ್ಪಡಿಸಿದ ಕೆರೋಜೆನ್ ಇವಕ್ಕೆ ಟಿಜಿಎ ಚೆನ್ನಾಗಿ ಕೆಲಸ ಮಾಡತ್ತೆ, ಕೈನೆಟಿಕ್ಸ್ ಕಲಿಸೋಕಂತೂ ಬಹಳ ಒಳ್ಳೇದು. ಒಂದೇ ಲಿಗ್ನೈಟನ್ನ ನೈಟ್ರೋಜನ್ನಲ್ಲಿ ಒಂದ್ಸಲ, ಗಾಳೀಲಿ ಒಂದ್ಸಲ, ಮೂರು ಬೇರೆ ವೇಗದಲ್ಲಿ ಓಡಿಸಿ ಮಕ್ಕಳ ಕೈಲೇ ಗ್ರಾಫ್ ಹಾಕ್ಸಿ.

ಒಂದು ಮಾತ್ರ ಬೇಡ್ಕೋತೀನಿ, ಖನಿಜ ತೆಗೆಯೋಕೆ ಅಂತ ಹೈಡ್ರೋಫ್ಲೋರಿಕ್ ಆಸಿಡ್ ಕಾಲೇಜ್ ಲ್ಯಾಬಿಗೆ ತರಬೇಡಿ. ಚರ್ಮಕ್ಕೆ ತಾಗಿದ್ರೆ ಮೊದಲು ಉರಿ ಕೂಡ ಗೊತ್ತಾಗದೆ ಒಳಗೆ ಇಳಿದು ಮೂಳೆವರೆಗೂ ಹೋಗತ್ತೆ, ಜೀವಕ್ಕೇ ಅಪಾಯ. ಸುಣ್ಣದ ಅಂಶ ತೆಗೆಯೋಕೆ ಹೈಡ್ರೋಕ್ಲೋರಿಕ್ ಸಾಕು.

ಪ್ರಶ್ನೆ: ಶಿಕಾರಿಪುರದಿಂದ ಹೈಸ್ಕೂಲ್ ಮೇಷ್ಟ್ರು ಬರೀತಿರೋದು. ನಮ್ಮ ಕಲ್ಲು ಹಳೇದು ಅದಕ್ಕೆ ಎಣ್ಣೆ ಇಲ್ಲ ಅಂತ ಮಕ್ಕಳಿಗೆ ಹೇಳಿದ್ರೆ ಸರಿ ಆಗತ್ತಾ? ನಮ್ಮ ದೇಶದಲ್ಲಿ ಎಣ್ಣೆ ಹುಟ್ಟಿಸಿದ ಕಲ್ಲು ಎಲ್ಲಿದೆ?

ಉತ್ತರ: ಹಳೇದು ಅನ್ನೋದಕ್ಕಿಂತ ಬೆಂದು ಮುಗಿದಿದೆ ಅಂತ ಹೇಳಿ ಮೇಷ್ಟ್ರೇ. ಆಸ್ಟ್ರೇಲಿಯಾದ ಉತ್ತರದಲ್ಲಿ ಸುಮಾರು 140 ಕೋಟಿ ವರ್ಷದ ವೆಲ್ಕೆರಿ ಶೇಲಲ್ಲಿ ಇವತ್ತಿಗೂ ಎಣ್ಣೆ ಸಿಗತ್ತೆ, ಯಾಕಂದ್ರೆ ಅದು ಅಷ್ಟು ಕಾಲ ಇದ್ರೂ ಹೆಚ್ಚು ಬಿಸಿ ಕಾಣ್ಲಿಲ್ಲ. ಆಗ ಮರಗಿಡಗಳೇ ಇರ್ಲಿಲ್ಲವಾದ್ದರಿಂದ ಅಂಥ ಕಲ್ಲಲ್ಲಿ ವಿಟ್ರಿನೈಟ್ ಇರೋದೇ ಇಲ್ಲ, ಕಾಯಿಸಿ ನೋಡೋ ವಿಧಾನಕ್ಕೆ ಅಲ್ಲಿ ಬೆಲೆ ಇನ್ನೂ ಜಾಸ್ತಿ. ನಮ್ಮ ದೇಶದಲ್ಲಿ ಗುಜರಾತಿನ ಕ್ಯಾಂಬೆ ಶೇಲ್, ರಾಜಸ್ಥಾನದ ಬಾರ್ಮೇರ್ ಹಿಲ್ ಪದರ, ಕೃಷ್ಣಾ ಗೋದಾವರಿ ಕಡೆ ರಾಘವಾಪುರಂ ಶೇಲ್, ಅಸ್ಸಾಮಲ್ಲಿ ಬರೈಲ್ ಗುಂಪಿನ ಕಲ್ಲಿದ್ದಲು ಮತ್ತೆ ಶೇಲ್ ಪದರಗಳು, ಇವು ಮುಖ್ಯ. ಒಎನ್‌ಜಿಸಿಯ ಸಂಶೋಧನಾ ಸಂಸ್ಥೆ ಡೆಹ್ರಾಡೂನಲ್ಲಿದೆ, 1962ರಲ್ಲಿ ಶುರುವಾಗಿದ್ದು, ಆಮೇಲೆ ಅದಕ್ಕೆ ಪೆಟ್ರೋಲಿಯಂ ಮಂತ್ರಿಯಾಗಿದ್ದ ಕೇಶವ ದೇವ ಮಾಳವೀಯ ಅವರ ಹೆಸರಿಟ್ರು.

ಪ್ರಶ್ನೆ: ಕೊಪ್ಪದವಳು, ಪಿಎಚ್‌.ಡಿಗೆ ಕಾವೇರಿ ಬೇಸಿನ್ನಿಗೆ ಫೀಲ್ಡ್ ಹೋಗ್ತಿದೀನಿ ಮೇಡಂ. ಸ್ಯಾಂಪಲ್ ತರೋವಾಗ ಏನು ನೋಡ್ಕೋಬೇಕು?

ಉತ್ತರ: ಮೇಲ್ಮೈ ಕಲ್ಲು ಬೇಡ, ಮಳೆ ಗಾಳಿಗೆ ಸಿಕ್ಕಿದ ಕೆರೋಜೆನ್ ಆಕ್ಸಿಜನ್ ತಗೊಂಡು ಹೈಡ್ರೋಜನ್ ಕಳ್ಕೊಂಡಿರತ್ತೆ, ಟಿಓಸಿ ಮತ್ತೆ ಹೈಡ್ರೋಜನ್ ಇಂಡೆಕ್ಸ್ ಎರಡೂ ಇಳಿದು ಆಕ್ಸಿಜನ್ ಇಂಡೆಕ್ಸ್ ಏರಿರತ್ತೆ. ಹಾರೆ ಹಾಕಿ ಬಣ್ಣ ಬದಲಾಗೋವರೆಗೆ ಒಳಗೆ ಹೋಗು, ಬೇರು ಇರೋ ಸಂದಿ ಬಿಡು. ಸನ್‌ಸ್ಕ್ರೀನ್, ಕೊಬ್ಬರಿ ಎಣ್ಣೆ ಹಚ್ಚಿದ ಕೈಲಿ ಮುಟ್ಟಬೇಡ, ಮಾರ್ಕರಲ್ಲಿ ಕಲ್ಲಿನ ಮೇಲೆ ಬರೀಬೇಡ, ಚೀಲದ ಮೇಲೆ ಬರಿ. ಒದ್ದೆ ಇದ್ರೆ 40 ಡಿಗ್ರಿ ಮೀರದ ಹಾಗೆ ಒಣಗಿಸು. ಪುಡಿ ಮಾಡೋವಾಗ ಮಿಲ್ ಬಿಸಿ ಆಗೋಕೆ ಬಿಡಬೇಡ, ಎಸ್1 ಹಾರಿಹೋಗತ್ತೆ. ಮಷೀನಿಗೆ ಬೇಕಾಗೋದು ಚಿಟಿಕೆ ಆದ್ರೂ ಪ್ರತಿ ಜಾಗದಿಂದ ಒಂದು ಮುಷ್ಟಿ ತಗೊಂಡು ಬಾ, ತೊಳೆದು ಮತ್ತೆ ಓಡಿಸೋಕೆ, ಟಿಓಸಿ ಬೇರೆಯಾಗಿ ಸುಟ್ಟು ನೋಡೋಕೆ, ಮೈಕ್ರೋಸ್ಕೋಪಿಗೆ ಎಲ್ಲದಕ್ಕೂ ಬೇಕಾಗತ್ತೆ.